ಕಲ್ಲಿನಿಂದ ಮೊಬೈಲ್‌ವರೆಗೆ: ಮಲೆನಾಡಿನ ಉದಾಹರಣೆಗಳಲ್ಲಿ ಸಂವಹನದ ಇತಿಹಾಸ

'ಸಂವಹನ ಮಾಧ್ಯಮಗಳು ಸಮಾಜವನ್ನು ಹೇಗೆ ಬದಲಿಸಿದವು? ವಿವರಿಸಿ' ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೂ ಬರುತ್ತದೆ, ಇತಿಹಾಸದವರಿಗೂ ಬರುತ್ತದೆ. ಮುದ್ರಣದ ಗುಟೆನ್‌ಬರ್ಗ್, ತಂತಿ ಸಂದೇಶದ ಮೋರ್ಸ್, ರೇಡಿಯೊದ ಮಾರ್ಕೋನಿ ಎಂದು ಹೆಸರು ಪೋಣಿಸಿದರೆ ಅಂಕ ಸಿಗಬಹುದು, ವಿಷಯ ತಲೆಗೆ ಹತ್ತುವುದಿಲ್ಲ. ಯಾವ ಮಾಧ್ಯಮವನ್ನು ಓದುವಾಗಲೂ ಮೂರು ಪ್ರಶ್ನೆ ಹಾಕಿಕೊಳ್ಳಿ: ಇದರಲ್ಲಿ ಮಾತನಾಡಿದವರು ಯಾರು? ಕೇಳಿಸಿಕೊಂಡವರು ಯಾರು? ಕೇಳಿಸಿಕೊಂಡ ಮೇಲೆ ಅವರಿಗೆ ಏನಾದರೂ ಮಾಡಲು ಸಾಧ್ಯವಿತ್ತೇ? ಮೂರನೆಯದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ನನಗೆ ಅದೇ ಮುಖ್ಯ. ಉದಾಹರಣೆಗಳನ್ನು ಆದಷ್ಟೂ ನಮ್ಮ ಶಿವಮೊಗ್ಗ ಜಿಲ್ಲೆಯಿಂದಲೇ ಆರಿಸಿಕೊಂಡಿದ್ದೇನೆ.

ಕಲ್ಲು, ಓಲೆ, ಕಡತ

ಕೆನಡಾದ ಅರ್ಥಶಾಸ್ತ್ರ ಇತಿಹಾಸಕಾರ ಹೆರಾಲ್ಡ್ ಇನ್ನಿಸ್ ಮಾಧ್ಯಮಗಳನ್ನು ಎರಡಾಗಿ ವಿಂಗಡಿಸಿದರು. ಕಲ್ಲಿನಂತಹ ಭಾರದ ಮಾಧ್ಯಮ ಕಾಲವನ್ನು ದಾಟುತ್ತದೆ, ಊರನ್ನು ದಾಟುವುದಿಲ್ಲ. ಕಾಗದದಂತಹ ಹಗುರ ಮಾಧ್ಯಮ ದೂರಕ್ಕೆ ಹೋಗುತ್ತದೆ, ಬಹುಕಾಲ ಬಾಳುವುದಿಲ್ಲ. ಮೊದಲನೆಯದು ಧರ್ಮಕ್ಕೂ ಪರಂಪರೆಗೂ ಒದಗಿದರೆ, ಎರಡನೆಯದು ವಿಸ್ತಾರವಾದ ಆಡಳಿತಕ್ಕೂ ವ್ಯಾಪಾರಕ್ಕೂ ಒದಗುತ್ತದೆ ಎಂಬುದು ಅವರ ವಾದ.

ಶಿಕಾರಿಪುರ ತಾಲ್ಲೂಕಿಗೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ತಾಳಗುಂದದ ಸ್ತಂಭಶಾಸನ 5ನೆಯ ಶತಮಾನದ್ದು. ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕದಂಬ ರಾಜ್ಯ ಕಟ್ಟಿದ ಕಥೆಯನ್ನು ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಹತ್ತಿರದ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದುದನ್ನೂ ದಾಖಲಿಸಿದೆ. ಇವೆರಡರಲ್ಲೂ ಮಾತನಾಡುವವರು ಅರಸರು, ಪಂಡಿತರು, ಮಠದವರು.

ಆದರೆ ಶಿಕಾರಿಪುರ, ಸೊರಬದ ಕಡೆ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ಬೇರೆಯಾಗಿ ನೋಡಬೇಕು. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ಕಥೆಯನ್ನು ಕಲ್ಲು ಸಾಮಾನ್ಯವಾಗಿ ಮೂರು ಪಟ್ಟಿಕೆಗಳಲ್ಲಿ ಹೇಳುತ್ತದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಕ್ಷರ ಬಾರದ ದನಗಾಹಿಗೂ ಇದು ಅರ್ಥವಾಗುತ್ತಿತ್ತು. ಎಲ್ಲರಿಗೂ ತಲುಪಲೆಂದೇ ರೂಪಿಸಿದ ಮಾಧ್ಯಮ ಮುದ್ರಣದಿಂದಲೇ ಶುರುವಾಯಿತು ಎಂದು ಬರೆಯುವ ಮೊದಲು ಈ ಕಲ್ಲುಗಳನ್ನು ನೆನೆಯಬೇಕು.

ಇನ್ನಿಸ್ ಸಿದ್ಧಾಂತಕ್ಕೆ ಮಲೆನಾಡು ಒಂದು ತಿದ್ದುಪಡಿಯನ್ನೂ ಸೇರಿಸುತ್ತದೆ, ಅದು ಮಳೆ. ಕಂಠ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ಸವರಿದ ತಾಳೆಗರಿ ಒಣ ಸೀಮೆಯಲ್ಲಿ ಬಾಳುವಷ್ಟು ಇಲ್ಲಿ ಬಾಳುವುದಿಲ್ಲ. ತೇವ, ಬೂಷ್ಟು, ಹುಳುಗಳಿಂದ ಅದನ್ನು ಕಾಪಾಡಬೇಕು, ಕಾಲಕಾಲಕ್ಕೆ ಪ್ರತಿ ಮಾಡಿಸಬೇಕು. ಅಂತಹ ಅನುಕೂಲವಿದ್ದದ್ದು ಮಠ, ಬಸದಿ, ಅರಮನೆಗಳಿಗೆ. ಹಾಗಾಗಿ ಯಾವ ಗ್ರಂಥ ಉಳಿಯಬೇಕು ಎಂಬ ತೀರ್ಮಾನವೂ ಬಹುಮಟ್ಟಿಗೆ ಅವರದೇ ಆಯಿತು.

ಲೆಕ್ಕಪತ್ರದ ದಾರಿ ಬೇರೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬರೆಯುವುದು. ಕೆಳದಿಯ ಶಿವಪ್ಪನಾಯಕನ 'ಶಿಸ್ತು' ಎಂಬ ಕಂದಾಯ ವ್ಯವಸ್ಥೆಯನ್ನು ಎಲ್ಲರೂ ಓದಿರುತ್ತೀರಿ. ಅದು ಭೂಮಿಯನ್ನು ಫಲವತ್ತತೆಯ ಮೇಲೆ ವಿಂಗಡಿಸಿ ಕಂದಾಯ ಕಟ್ಟಿದ ಕೆಲಸ. ಬರೆದಿಡುವ, ತಿದ್ದುವ, ಹೊತ್ತೊಯ್ಯುವ ಸಾಧನವಿಲ್ಲದೆ ಇಂತಹ ಆಡಳಿತ ನಡೆಯುವುದಿಲ್ಲ. ಲೆಕ್ಕ ಬರೆಯಬಲ್ಲ ಶಾನುಭೋಗನಿಗೆ ಊರಿನಲ್ಲಿ ಬಂದ ಅಧಿಕಾರದ ಬೇರು ಇಲ್ಲಿದೆ.

ಅಂಚೆ, ತಂತಿ

ಇದನ್ನು ಬೇಗ ದಾಟೋಣ. ಮೈಸೂರು ಅಂಚೆಯನ್ನು ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದರು. ಅಂಚೆಯವರು ಪತ್ರ ಒಯ್ಯುವುದರ ಜೊತೆಗೆ ಸ್ಥಳೀಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವವರೂ ಆಗಿದ್ದರು. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ನಮ್ಮ ಸೀಮೆಯೂ ಮೈಸೂರಿನ ಆಡಳಿತಕ್ಕೆ ಬಂತು. 1889ರಲ್ಲಿ ಈ ಅಂಚೆ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ತಂತಿಯ ವಿಷಯದಲ್ಲಿ ಒಂದೇ ಅಂಶ ಸಾಕು: ಸುದ್ದಿ ಮೊದಲ ಸಲ ಕುದುರೆ, ಹಡಗು, ರೈಲುಗಳಿಗಿಂತ ವೇಗವಾಗಿ ಓಡಿತು. ಭಾರತದಲ್ಲಿ 1851ರಲ್ಲಿ ಆರಂಭವಾದ ಆ ಸೇವೆ 2013ರ ಜುಲೈನಲ್ಲಿ ನಿಂತಿತು.

ಮುದ್ರಣ, ಮತ್ತು ಕಾಗದ ಬಂದ ಕಾಡು

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ನೂರಕ್ಕೆ 18 ಜನ ಮಾತ್ರ ಅಕ್ಷರಸ್ಥರಾಗಿದ್ದರು ಎಂಬುದನ್ನೂ ಜೊತೆಗೆ ಬರೆಯಿರಿ. ಎಂದರೆ ಪತ್ರಿಕೆ ಬಹುಕಾಲ ಒಬ್ಬ ಓದಿ ನಾಲ್ಕಾರು ಜನ ಕೇಳುವ ಮಾಧ್ಯಮವಾಗಿತ್ತು. ಜಗಲಿಯಲ್ಲಿ ಕೂತು ಓದಿ ಹೇಳುವವನು ಯಾವ ಸುದ್ದಿಯನ್ನು ಬಿಟ್ಟ, ಯಾವುದಕ್ಕೆ ಒಗ್ಗರಣೆ ಹಾಕಿದ ಎಂಬುದೂ ಪರಿಣಾಮದ ಭಾಗವೇ.

ಪತ್ರಿಕೆ ಎಂದರೆ ಕಾಗದ, ಕಾಗದ ಎಂದರೆ ಮರ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. 1980ರ ದಶಕದಲ್ಲಿ ಅದು ಸುದ್ದಿ ಕಾಗದವನ್ನೂ ತಯಾರಿಸಿತು. ಅದರ ಕಚ್ಚಾ ವಸ್ತುವಿಗಾಗಿ ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿದೆ, ತೋಪುಗಳು ಇನ್ನೂ ಇವೆ. ದನ ಮೇಯುತ್ತಿದ್ದ, ಸೊಪ್ಪು ಸಿಗುತ್ತಿದ್ದ ಜಾಗಕ್ಕೆ ಅಕೇಶಿಯಾ ಬಂದರೆ ಆ ಊರಿನ ಬದುಕು ಬದಲಾಗುತ್ತದೆ, ಅಲ್ಲಿ ಒಬ್ಬರೂ ಪತ್ರಿಕೆ ಓದದಿದ್ದರೂ. ಮಾಧ್ಯಮದ ಪರಿಣಾಮ ಎಂದಾಗ ಮನಸ್ಸಿನ ಮೇಲಿನ ಪರಿಣಾಮವನ್ನಷ್ಟೇ ಬರೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಬಾನುಲಿ

1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಶುರುವಾಯಿತು. ಮಲೆನಾಡಿಗೆ ಇದು ಹೊಂದಿಕೊಂಡದ್ದಕ್ಕೆ ಭೌತಶಾಸ್ತ್ರದ ಕಾರಣವಿದೆ. ಮಧ್ಯಮ ತರಂಗ ನೆಲವನ್ನು ಹಿಡಿದು ಸಾಗುತ್ತದೆ, ಗುಡ್ಡ ಅಡ್ಡ ಬಂದರೂ ಬಹುಮಟ್ಟಿಗೆ ಬಾಗಿ ಮುಂದಕ್ಕೆ ಹೋಗುತ್ತದೆ. ಎಫ್‌ಎಂ, ದೂರದರ್ಶನ, ಮೊಬೈಲ್ ತರಂಗಗಳು ಹೆಚ್ಚುಕಡಿಮೆ ನೇರ ದಾರಿಯವು. ಗುಡ್ಡದ ಹಿಂದಿನ ಕಣಿವೆಗೆ ಇಳಿಯುವುದು ಕಷ್ಟ. ಜೊತೆಗೆ ಟ್ರಾನ್ಸಿಸ್ಟರ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಜೋಗದಲ್ಲಿ ತಯಾರಾದ ವಿದ್ಯುತ್ತು ಊರುಗಳ ತಲೆಯ ಮೇಲೆಯೇ ದೂರದ ನಗರಗಳಿಗೆ ಹೋಗುತ್ತಿದ್ದ ಕಾಲದಲ್ಲಿ, ದೀಪವಿಲ್ಲದ ಮನೆಯಲ್ಲೂ ವಾರ್ತೆ ಕೇಳಬಹುದಿತ್ತು. ಓದು ಬಾರದ ಹೆಂಗಸರಿಗೆ, ನಡುವೆ ಓದಿ ಹೇಳುವವನಿಲ್ಲದೆ, ಹೊರಜಗತ್ತು ನೇರವಾಗಿ ಕೇಳಿಸಿದ್ದು ಹೀಗೆ. ಆದರೆ ರೇಡಿಯೊಗೆ ಮರುಮಾತು ಹೇಳಲು ಪತ್ರ ಬರೆಯಬೇಕಿತ್ತು. ಅಲ್ಲಿ ಅಕ್ಷರದ ಬೇಲಿ ಮತ್ತೆ ಅಡ್ಡ ಬಂತು.

ಹಳ್ಳಿಯೇ ಮಾಧ್ಯಮವನ್ನು ಕೈಗೆ ತೆಗೆದುಕೊಂಡ ಉದಾಹರಣೆ ಬೇಕಾದರೆ ಸಾಗರ ತಾಲ್ಲೂಕಿನ ಹೆಗ್ಗೋಡು ಇದೆ. 1949ರಲ್ಲಿ ಹುಟ್ಟಿದ ನೀನಾಸಂ ಎಂಬ ರಂಗಸಂಸ್ಥೆ ನಾಟಕ ಕಟ್ಟಿತು, ಜಗತ್ತಿನ ಚಲನಚಿತ್ರಗಳನ್ನು ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ.

ಮೊಬೈಲ್ ಮತ್ತು ಅಡಿಕೆ ಧಾರಣೆ

ಮೊಬೈಲ್ ಬಗ್ಗೆ ಬರೆಯುವಾಗ ಉತ್ತರ ಕೇರಳದ ಮೀನುಗಾರರ ಅಧ್ಯಯನವನ್ನು ಉಲ್ಲೇಖಿಸುವುದು ವಾಡಿಕೆ. 1997ರಿಂದ 2001ರ ನಡುವೆ ಅಲ್ಲಿ ಮೊಬೈಲ್ ಸೇವೆ ಹರಡಿದಾಗ ಏನಾಯಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಪರಿಶೀಲಿಸಿದರು. ಸಮುದ್ರದಲ್ಲಿರುವಾಗಲೇ ದರ ವಿಚಾರಿಸಿ ಯಾವ ಬಂದರಿಗೆ ಹೋಗಬೇಕೆಂದು ಮೀನುಗಾರರು ನಿರ್ಧರಿಸತೊಡಗಿದರು. ಅವರ ಲಾಭ ಸರಾಸರಿ ಶೇ 8ರಷ್ಟು ಹೆಚ್ಚಿತು, ಗ್ರಾಹಕರು ಕೊಡುವ ಬೆಲೆ ಶೇ 4ರಷ್ಟು ಇಳಿಯಿತು, ಮೀನು ಹಾಳಾಗುವುದು ನಿಂತಿತು.

ಇದನ್ನು ನಮ್ಮ ಅಡಿಕೆಗೆ ಹಾಗೆಯೇ ಅನ್ವಯಿಸಲಾಗದು. ಶಿವಮೊಗ್ಗ, ಸಾಗರದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳು ಯಾವ ಧಾರಣೆಗೆ ಹೋದವು ಎಂಬುದು ಹಿಂದೆ ಪತ್ರಿಕೆಯಲ್ಲಿ ಮರುದಿನ ಸಿಗುತ್ತಿತ್ತು. ಈಗ ವ್ಯಾಪಾರ ಮುಗಿಯುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ. ಮೀನಿನಂತೆ ಅಡಿಕೆ ಸಂಜೆಗೆ ಕೆಡುವುದಿಲ್ಲ, ಚೆನ್ನಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಇಡಬಹುದು. ಹಾಗಾಗಿ ಇಲ್ಲಿ ಲಾಭ ತರುವುದು ಎಲ್ಲಿ ಮಾರಬೇಕು ಎಂಬುದಕ್ಕಿಂತ ಯಾವಾಗ ಮಾರಬೇಕು ಎಂಬ ತೀರ್ಮಾನ. ಆ ತೀರ್ಮಾನ ಕಾಯಲು ಶಕ್ತಿ ಇರುವವನ ಕೈಯಲ್ಲಿದೆ. ಅಡಿಕೆ ಮಂಡಿಯ ವರ್ತಕನಿಂದ ಮುಂಗಡ ಪಡೆದವನು, ಮಗಳ ಮದುವೆಗೆ ಸಾಲ ಮಾಡಿದವನು ಧಾರಣೆ ಏರುತ್ತದೆ ಎಂದು ಗೊತ್ತಿದ್ದೂ ಕೊಯ್ಲಿನ ಬೆನ್ನಿಗೇ ಮಾರುತ್ತಾನೆ. ಒಂದೇ ಸಂದೇಶ ಇಬ್ಬರ ಮೊಬೈಲಿಗೂ ಬರುತ್ತದೆ, ಒಬ್ಬನಿಗೆ ಮಾತ್ರ ಅದು ಹಣವಾಗುತ್ತದೆ.

ಸಂದೇಶ ಬರುತ್ತದೆ ಎನ್ನುವುದೂ ಎಲ್ಲ ಕಡೆ ನಿಜವಲ್ಲ. ಕೊರೊನಾ ಕಾಲದ ಆನ್‌ಲೈನ್ ತರಗತಿಗಾಗಿ ಕಣಿವೆಯ ಊರಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದು ನಮಗೆಲ್ಲ ಗೊತ್ತಿದೆ. ಪಾಠಪುಸ್ತಕ ಇದನ್ನು ಡಿಜಿಟಲ್ ಅಂತರ ಎನ್ನುತ್ತದೆ. ಅದರಲ್ಲಿ ಮೊಬೈಲ್ ಗೋಪುರದ ಕೊರತೆ ಎಷ್ಟು, ಕೈಯಲ್ಲಿ ಕಾಸಿನ ಕೊರತೆ ಎಷ್ಟು ಎಂದು ಬಿಡಿಸಿ ಬರೆಯಿರಿ. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಗುಡ್ಡದ ಮೇಲೊಂದು ಗೋಪುರ ಬೇಕು. ಎರಡನೆಯದಕ್ಕೆ ಮೊಬೈಲ್ ಹುಟ್ಟುವ ಎಷ್ಟೋ ಮೊದಲು, 1939ರಲ್ಲಿ, ಮಲೆನಾಡಿನ ಬೆಳೆಗಾರರು ಮ್ಯಾಮ್ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಅಡಿಕೆಯ ಮೇಲೆ ಸಂಘದಿಂದ ಸಾಲ ಸಿಕ್ಕಿದರೆ ಸಣ್ಣ ಬೆಳೆಗಾರನೂ ಕೆಲವು ತಿಂಗಳು ಕಾಯಬಲ್ಲ, ಆಗ ಧಾರಣೆಯ ಸಂದೇಶ ಅವನಿಗೂ ಕೆಲಸಕ್ಕೆ ಬರುತ್ತದೆ.