ಮೂರನೇ ವಾರದ ಎಲುಬು

ತಿಂಗಳಿಗೆ ನೂರು ಕಿಲೋಮೀಟರ್ ಓಡುತ್ತೇವೆ ಎಂದು ಚಾಲೆಂಜ್ ಹಾಕಿಕೊಂಡ ಯಾವುದೇ ಹೊಸ ಗುಂಪನ್ನು ನೋಡಿ. ಮೊದಲ ವಾರ ಎಲ್ಲರಿಗೂ ಏದುಸಿರು. ಎರಡನೇ ವಾರ ಪರವಾಗಿಲ್ಲ. ಮೂರನೇ ವಾರಕ್ಕೆ ಹುರುಪು ನೆತ್ತಿಗೇರುತ್ತದೆ, ಅಲ್ಲಿಂದಲೇ ಒಬ್ಬೊಬ್ಬರಾಗಿ ಕುಂಟತೊಡಗುತ್ತಾರೆ. ವಿಜಯಪುರದಲ್ಲಿ ವೃಕ್ಷಥಾನ್ ಓಟ ಹತ್ತಿರ ಬಂದರೆ ಗೋಳಗುಮ್ಮಟದ ಸುತ್ತಮುತ್ತ ನಸುಕಿಗೇ ಓಡುವವರು ಜಾಸ್ತಿಯಾಗುತ್ತಾರೆ. ಹೊಸಬರೆಲ್ಲ ಕೇಳುವುದು ಒಂದೇ: ಯಾವ ಶೂ ಹಾಕಿದರೆ ಕಾಲು ನೋಯುವುದಿಲ್ಲ? ಶೂ ವಿಚಾರ ಆಮೇಲೆ. ಮೊದಲು ಎಲುಬು ನೋಡೋಣ.

ಓಡಲು ಶುರುಮಾಡಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಹಾಗಾಗಿ ಉಸಿರು ಬೇಗ ಹದಕ್ಕೆ ಬರುತ್ತದೆ. ಎಲುಬಿನ ಲೆಕ್ಕವೇ ಬೇರೆ. ಆರಾಮಾಗಿ 5 ಕಿ.ಮೀ. ಓಡಿದರೂ ಸುಮಾರು 5,500 ಹೆಜ್ಜೆ ಬೀಳುತ್ತವೆ. ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಮೂಡುತ್ತವೆ. ಇದರಲ್ಲಿ ಗಾಬರಿಪಡುವಂಥದ್ದೇನಿಲ್ಲ, ರಿಪೇರಿ ಶುರುವಾಗುವುದೇ ಇದರಿಂದ. ಆದರೆ ರಿಪೇರಿಗೊಂದು ಕ್ರಮವಿದೆ. ಒಂದು ಬಗೆಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸಿ ತೆಗೆಯುತ್ತವೆ, ಇದಕ್ಕೆ ಎರಡು ಮೂರು ವಾರ ಸಾಕು. ಆ ಜಾಗವನ್ನು ಮತ್ತೆ ತುಂಬುವ ಕೋಶಗಳಿಗೆ ಸುಮಾರು ಮೂರು ತಿಂಗಳು ಬೇಕು. ಕಿತ್ತಾಗಿದೆ, ಕಟ್ಟಿ ಮುಗಿದಿಲ್ಲ. ಓಟಗಾರನಿಗೆ ತಾನು ಗಟ್ಟಿಯಾದೆ ಅನ್ನಿಸುವ ಹೊತ್ತಿಗೆ ಎಲುಬು ಕೆಲವು ಕಡೆ ತೂತುತೂತಾಗಿರಬಹುದು. ಯಾರು ಎಷ್ಟು ಓಡಿದರು ಎಂಬ ಗ್ರೂಪಿನ ಪಟ್ಟಿಯಲ್ಲಿ ಮೇಲೇರಲು ಪೈಪೋಟಿ ಬೀಳುವುದೂ ಆಗಲೇ!

ಹೀಗಾಗಿ ಚಾಲೆಂಜ್ ಹಾಕುವವರಿಗೆ ಒಂದು ಮಾತು. ಕಿಲೋಮೀಟರ್ ಬಿಟ್ಟು ಓಡಿದ ದಿನ ಲೆಕ್ಕ ಹಾಕಿ, ವಾರಕ್ಕೆ ಮೂರು ನಾಲ್ಕು ದಿನ ಸಾಕು. ಮೂರು, ನಾಲ್ಕನೇ ವಾರ ದೂರ ಕಡಿಮೆ ಇರಲಿ. ಪಕ್ಕದವರ ಜೊತೆ ಮಾತಾಡಲು ಆಗದಷ್ಟು ಜೋರಾಗಿ ಓಡುವುದು ಸದ್ಯಕ್ಕೆ ಬೇಡ.

ಈಗ ಶೂ. ಅಟ್ಟೆಯೊಳಗಿನ ಫೋಮ್ ಅಂದರೆ ಲಕ್ಷಾಂತರ ಗಾಳಿಗುಳ್ಳೆಗಳ ಮೆತ್ತೆ. ಹೆಜ್ಜೆ ಬಿದ್ದಾಗ ಕುಗ್ಗಿ, ಎತ್ತಿದಾಗ ಹಿಗ್ಗುತ್ತದೆ. ಸುಮಾರು 500ರಿಂದ 800 ಕಿ.ಮೀ. ಆದ ಮೇಲೆ ಆ ಹಿಗ್ಗುವಿಕೆ ಸೊರಗುತ್ತದೆ, ಮೇಲಿನ ಬಟ್ಟೆ ಹೊಸದರಂತೆ ಕಂಡರೂ ಅಷ್ಟೆ. ಅಂಗಡಿಯವರು ನಿಮ್ಮ ಪಾದದ ಕಮಾನು ನೋಡಿ 'ಇದೇ ಬೇಕು' ಎಂದು ದುಬಾರಿ ಜೋಡಿ ತೋರಿಸಬಹುದು. ಅಮೆರಿಕದ ಸೇನೆಯ ಸಾವಿರಾರು ಹೊಸ ಸೈನಿಕರಿಗೆ ಪಾದದ ಆಕಾರಕ್ಕೆ ತಕ್ಕ ಶೂ ಕೊಟ್ಟು ನೋಡಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗಿಂತ ಗಾಯವೇನೂ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಹಾಕಿದ ತಕ್ಷಣ ಹಿತವಾಗಿದೆಯಾ ಅನ್ನೋದನ್ನೇ ನಾನು ನಂಬುತ್ತೇನೆ. ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ನಮ್ಮ ಎರೆಮಣ್ಣು ಮಾತ್ರ ಯಾವ ಬ್ರ್ಯಾಂಡಿಗೂ ಬಗ್ಗಲ್ಲ. ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿದರೆ ಎರಡೂ ಕಾಲಿಗೆ ಹೆಂಟೆ ಕಟ್ಟಿಕೊಂಡು ಓಡಬೇಕು.

ಅಂಗಿಗೆ ಜಾಸ್ತಿ ಖರ್ಚು ಬೇಡ, ಬರೀ ಹತ್ತಿಯದ್ದು ಬೇಡ ಅಷ್ಟೆ. ಕಾರಣ ಹೀಗಿದೆ. 70 ಕಿಲೋ ತೂಕದವರು 5 ಕಿ.ಮೀ. ಓಡಿದರೆ ಸುಮಾರು 350 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ ಮುಕ್ಕಾಲು ಭಾಗ ಬರೀ ಶಾಖ. ಅದನ್ನು ಬೆವರೊಂದೇ ಹೊರಹಾಕಬೇಕಾದರೆ ಸುಮಾರು ಅರ್ಧ ಲೀಟರ್ ಆರಿಹೋಗಬೇಕು. ತೊಟ್ಟಿಕ್ಕಿದ ಬೆವರು ಲೆಕ್ಕಕ್ಕಿಲ್ಲ, ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಹತ್ತಿ ಬೆವರನ್ನು ಕುಡಿದು ಭಾರವಾಗಿ ಮೈಗಂಟುತ್ತದೆ, ತೊಡೆ ಕಂಕುಳಲ್ಲಿ ತರಚುತ್ತದೆ. ತೆಳು ಪಾಲಿಯೆಸ್ಟರ್ ಬೇಗ ಆರುತ್ತದೆ. ಸಾಕ್ಸಿಗೂ ಇದೇ ಮಾತು. ವಾಚು ಕೊನೆಗೆ ತಗೊಂಡರಾಯಿತು.

ಇಷ್ಟಾದ ಮೇಲೂ ಕಾಲು ನೋಯಬಹುದು. ಎಲುಬಿನ ಉದ್ದಕ್ಕೂ ಹರಡಿದ ನೋವು ಸಾಮಾನ್ಯವಾಗಿ ಕೆಲವು ದಿನದ ವಿಶ್ರಾಂತಿಗೆ ತಗ್ಗುತ್ತದೆ. ಒಂದೇ ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆ ಸಣ್ಣ ಬಿರುಕುಗಳೇ ಬೆಳೆದು ಎಲುಬು ಬಿರುಕು ಬಿಟ್ಟಿರಬಹುದು. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ.