ಪುಸ್ತಕ ಓದ್ಲಿಕ್ಕೆ ಈಮೇಲ್ ಎಂತಕ್ಕೆ?

ಟೊರೊಂಟೊದಿಂದ ರಜೆಗೆ ಬಂದ ನನ್ನ ತಂಗಿ ಮಾಟುಂಗಾದ ಮಾವನಿಗೆ ಒಂದು ಕೋಬೊ ತಂದುಕೊಟ್ಟಳು. ಈಬುಕ್ ಓದುವ ಯಂತ್ರ, ಅಂಗೈಗಿಂತ ಸ್ವಲ್ಪ ದೊಡ್ಡದು. ಮಾವನಿಗೆ 74 ವರ್ಷ. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಬಹುದು ಅನ್ನೋದೇ ಅವರಿಗೆ ದೊಡ್ಡ ಆಸೆ. ಆನ್ ಮಾಡಿದರು. ಭಾಷೆ ಯಾವುದು ಅಂತ ಕೇಳಿತು, ವೈಫೈ ಕೇಳಿತು, ಆಮೇಲೆ ಈಮೇಲ್ ಕೊಟ್ಟು ಖಾತೆ ತೆರೆಯಿರಿ ಅಂದಿತು. ಮಾವನಿಗೆ ಈಮೇಲ್ ಇಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೇ ನನಗೆ ಫೋನ್: "ಅಲ್ಲ ಮಾರಾಯ, ಪುಸ್ತಕ ಓದ್ಲಿಕ್ಕೆ ಈಮೇಲ್ ಎಂತಕ್ಕೆ?"

ಒಂದು ಈಮೇಲ್ ಮಾಡಿಕೊಟ್ಟರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದೆ.

ಮಾವ ಹದಿನಾಲ್ಕನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಆಮೇಲೆ ಎಷ್ಟೋ ವರ್ಷ ಒಂದು ಸಂಘದ ಲೈಬ್ರರಿಯಲ್ಲಿ ಸಂಜೆ ಹೊತ್ತು ಪುಸ್ತಕ ಕೊಡುವ ಕೆಲಸವನ್ನೂ ಮಾಡಿದರು. ಯಾರು ಯಾವ ಪುಸ್ತಕ ಒಯ್ದರು ಅಂತ ಉದ್ದ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಹಾಗಾಗಿ ಓದುವವರ ಲೆಕ್ಕ ಇಡುವುದು ಅವರಿಗೆ ಹೊಸದಲ್ಲ. ಆದರೆ ಆ ರಿಜಿಸ್ಟರಿನಲ್ಲಿ ಇದ್ದದ್ದು ಎರಡೇ ತಾರೀಕು, ಒಯ್ದದ್ದು ಮತ್ತು ತಂದದ್ದು. ನಡುವೆ ಆ ಪುಸ್ತಕ ಏನಾಯಿತು ಅಂತ ಯಾರಿಗೂ ಗೊತ್ತಿರಲಿಲ್ಲ.

ಈ ನಡುವಿನ ಭಾಗ ಈರೀಡರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನನ್ನದೇ ಒಂದು ಅನುಭವ ಹೇಳ್ತೀನಿ. ನನ್ನ ಹತ್ತಿರ ಇರುವುದೂ ಕೋಬೊ, ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮಾರಿದವರು ಹಳೆಯದನ್ನು ಅಳಿಸದೇ ಕೊಟ್ಟಿದ್ದರು. ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಚುಚ್ಚಿದರೆ ಈ ಯಂತ್ರ ಪೆನ್ ಡ್ರೈವ್ ಥರ ತೆರೆದುಕೊಳ್ಳುತ್ತದೆ. ಒಳಗೆ ಚುಕ್ಕೆಯಿಂದ ಶುರುವಾಗುವ 'ಕೋಬೊ' ಅನ್ನೋ ಫೋಲ್ಡರ್, ಅದರೊಳಗೆ 'ಕೋಬೊರೀಡರ್' ಅನ್ನೋ ಎಸ್‌ಕ್ಯೂಲೈಟ್ ಕಡತ. ಎಸ್‌ಕ್ಯೂಲೈಟ್ ಅಂದ್ರೆ ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ವ್ಯವಸ್ಥೆ, ನಿಮ್ಮ ಫೋನಿನಲ್ಲೂ ಹತ್ತಾರು ಕಡೆ ಇದೆ. ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಒಂದರಲ್ಲಿ ತೆರೆದೆ. ಎಕ್ಸೆಲ್ ಹಾಳೆಯ ಥರ ಸಾಲು ಸಾಲು. ಪ್ರತಿ ಪುಸ್ತಕದ ಎದುರು ಶೇಕಡಾ ಎಷ್ಟು ಓದಿದೆ, ಕೊನೆಯ ಸಲ ತೆರೆದದ್ದು ಯಾವಾಗ, ಒಟ್ಟು ಎಷ್ಟು ಸೆಕೆಂಡ್ ಓದಿದೆ ಅಂತ ಬೇರೆ ಬೇರೆ ಕಾಲಮ್ಮು. ಒಂದು ಅಡುಗೆ ಪುಸ್ತಕ, ಶೇಕಡಾ 4ಕ್ಕೇ ನಿಂತಿದೆ. ಅದರ ಕೆಳಗೆ ವಿಚ್ಛೇದನದ ಕಾನೂನಿನ ಬಗ್ಗೆ ಮೂರು ಪುಸ್ತಕ, ಮೂರೂ ಪೂರ್ತಿ ಓದಿದ್ದು. ಸಮಯ ನೋಡಿದೆ, 20:40. ರಾತ್ರಿ ಊಟದ ಹೊತ್ತು ಅಂದುಕೊಂಡೆ. ಆಮೇಲೆ ಹೊಳೆಯಿತು, ಅದು ಗ್ರೀನಿಚ್ ಸಮಯ. ಐದೂವರೆ ಗಂಟೆ ಸೇರಿಸಿದರೆ ಬೆಳಗಿನ ಜಾವ 2:10. ಅಷ್ಟಕ್ಕೇ ಮುಚ್ಚಿಬಿಟ್ಟೆ. ಹೆಸರೂ ಗೊತ್ತಿಲ್ಲದ ಒಬ್ಬರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ ಅನ್ನಿಸಿತು. ಫ್ಯಾಕ್ಟರಿ ರೀಸೆಟ್ ಮಾಡಿ ಎಲ್ಲ ಅಳಿಸಿದೆ. (ನಿಮ್ಮದನ್ನು ಮಾರುವ ಮುಂಚೆ ನೀವೂ ಮಾಡಿ, ದಯವಿಟ್ಟು.)

ಈ ಲೆಕ್ಕ ಯಂತ್ರದೊಳಗೇ ಇದ್ದರೆ ತಕರಾರಿಲ್ಲ. ನಿಲ್ಲಿಸಿದ ಪುಟದಿಂದಲೇ ಮುಂದುವರಿಯಬೇಕಾದರೆ ಎಲ್ಲೋ ಬರೆದಿಡಲೇಬೇಕು. ಆದರೆ ಖಾತೆ ಅಂತ ಒಂದಾದ ಮೇಲೆ ಇದು ವೈಫೈ ಸಿಕ್ಕಾಗ ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ. ಇಲ್ಲಿ ಬಿಟ್ಟ ಪುಟ ಫೋನಿನ ಆ್ಯಪಿನಲ್ಲಿ ತಾನಾಗೇ ತೆರೆದುಕೊಳ್ಳುವುದು ಹೀಗೆಯೇ. ಅಮೆಜಾನ್‌ನ ಈರೀಡರ್ ಕಿಂಡಲ್‌ನಲ್ಲಿ ಕೆಲವು ಸಾಲುಗಳ ಕೆಳಗೆ "ಇಷ್ಟು ಜನ ಇದನ್ನು ಗುರುತು ಮಾಡಿದ್ದಾರೆ" ಅಂತ ತೋರಿಸುತ್ತದಲ್ಲ, ಆ ಲೆಕ್ಕ ಎಲ್ಲಿಂದ ಬಂತು? ಓದುವವರು ಪೆನ್ಸಿಲ್ ಗೀಟು ಹಾಕಿದ ಹಾಗೆ ಗುರುತು ಮಾಡಿದ್ದೆಲ್ಲ ಸರ್ವರಿಗೆ ಹೋಗಿ ಅಲ್ಲಿ ಕೂಡಿಕೆಯಾದದ್ದು. ಕಂಪನಿಗಳು ಇದನ್ನು ಗುಟ್ಟಾಗಿಯೇನೂ ಇಟ್ಟಿಲ್ಲ, ಷರತ್ತುಗಳ ಪುಟದಲ್ಲಿ ಬರೆದಿರುತ್ತದೆ. ನಾವು ಓದದೇ 'ಒಪ್ಪಿಗೆ' ಒತ್ತಿರುತ್ತೇವೆ, ಅಷ್ಟೇ.

ಒಮ್ಮೆಯಂತೂ ಗುಟ್ಟೇ ಆಗಿತ್ತು. 2014ರ ಅಕ್ಟೋಬರಿನಲ್ಲಿ ಅಡೋಬಿಯ ಈಬುಕ್ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿ, ಯಾವ ಪುಸ್ತಕ ತೆರೆದಿರಿ, ಯಾವ ಪುಟ ನೋಡಿದಿರಿ ಅನ್ನೋದನ್ನೆಲ್ಲ ಯಾವ ಗೂಢಲಿಪಿಯೂ ಇಲ್ಲದೆ ಇಂಟರ್ನೆಟ್ಟಿನಲ್ಲಿ ಕಳಿಸುತ್ತಿರುವುದು ಬಯಲಾಯಿತು. ಪೋಸ್ಟ್ ಕಾರ್ಡಿನಲ್ಲಿ ಬರೆದು ಹಾಕಿದ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಆಮೇಲೆ ಗೂಢಲಿಪಿ ಸೇರಿಸಿದರು. ಅಂದ್ರೆ ಕಾರ್ಡಿಗೆ ಲಕೋಟೆ ಬಂತು, ಕಳಿಸುವುದು ನಿಲ್ಲಲಿಲ್ಲ.

ಖಾತೆಯ ಇನ್ನೊಂದು ಮುಖ ಇದಕ್ಕಿಂತ ಹಳೆಯದು. 2009ರ ಜುಲೈನಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕದ ಪ್ರತಿಗಳನ್ನು ಅವರವರ ಕಿಂಡಲ್‌ನಿಂದ ದೂರದಲ್ಲೇ ಕೂತು ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಅನ್ನೋದು ಕಾರಣ. ದುಡ್ಡು ವಾಪಸ್ ಕೊಟ್ಟರು. ಯಾವ ಪುಸ್ತಕ ಗೊತ್ತಾ? ಸದಾ ಕಣ್ಣಿಡುವ ಸರ್ಕಾರದ ಕತೆ ಹೇಳುವ ಆರ್ವೆಲ್‌ನ '1984'. ಕತೆಗಾರ ಹೀಗೆ ಬರೆದರೆ ಜಾಸ್ತಿ ಆಯ್ತು ಅಂತ ಸಂಪಾದಕರು ಹೊಡೆದುಹಾಕ್ತಾರೆ. ಶಾಲೆಯ ಪಾಠಕ್ಕಾಗಿ ಟಿಪ್ಪಣಿ ಹಾಕಿಕೊಂಡಿದ್ದ ಒಬ್ಬ ಹುಡುಗನ ಕತೆ ಇನ್ನೂ ಪಾಪ. ಟಿಪ್ಪಣಿ ಉಳಿದವು, ಯಾವ ಸಾಲಿಗೆ ಬರೆದದ್ದು ಅನ್ನೋ ಪುಸ್ತಕವೇ ಇರಲಿಲ್ಲ. ಆತ ಕೋರ್ಟಿಗೆ ಹೋದ. ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು.

ಸರಿ, ಮಾಟುಂಗಾ. ಅತ್ತೆ ಕಾಫಿ ಕೊಟ್ಟರು. ಯಂತ್ರ ಇನ್ನೂ ಈಮೇಲ್ ಕೇಳುತ್ತಾ ಕೂತಿತ್ತು.

ಹೊರಗಿನಿಂದ ಪುಸ್ತಕದ ಥರ ಕಂಡರೂ ಕೋಬೊ ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್. ಬೇರೆಯದೇ ಆಗಿರುವುದು ಪರದೆ ಮಾತ್ರ. ಅದರಲ್ಲಿ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳಿವೆ. ಪ್ರತಿಯೊಂದರಲ್ಲೂ ಬಿಳಿ ಕಣ, ಕಪ್ಪು ಕಣ, ಒಂದಕ್ಕೊಂದು ವಿರುದ್ಧ ವಿದ್ಯುತ್ ಆವೇಶದವು. ಕೆಳಗಿನಿಂದ ವೋಲ್ಟೇಜ್ ಕೊಟ್ಟರೆ ಒಂದು ಬಣ್ಣ ಮೇಲೆ ತೇಲುತ್ತದೆ, ಇನ್ನೊಂದು ತಳ ಸೇರುತ್ತದೆ. ಒಮ್ಮೆ ಮೇಲೆ ಬಂದದ್ದು ಕರೆಂಟ್ ತೆಗೆದರೂ ಅಲ್ಲೇ ಇರುತ್ತದೆ. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ, ಅದಕ್ಕೇ ಯಂತ್ರ ಮಲಗಿದ್ದರೂ ಪರದೆಯ ಮೇಲೆ ಪುಸ್ತಕದ ಮುಖಪುಟ ಹಾಗೇ ಉಳಿಯುತ್ತದೆ. ಲೋಕಲ್‌ನಲ್ಲಿ ನಾಲ್ಕನೇ ಸೀಟಿನ ತುದಿಯಲ್ಲಿ ಕೂತವರೂ ನಾನೇನು ಓದ್ತಿದ್ದೇನೆ ಅಂತ ಬಗ್ಗಿ ನೋಡೋದು ಆ ಮುಖಪುಟವನ್ನೇ. ಖಾಸಗಿತನದ ಮೊದಲ ರಿಪೇರಿ ಇದು: ಸೆಟ್ಟಿಂಗ್ಸ್‌ಗೆ ಹೋಗಿ ಮುಖಪುಟ ತೋರಿಸೋದನ್ನು ಆಫ್ ಮಾಡಿ.

ಎರಡನೆಯದು ನೋಂದಣಿ. 'ವೈಫೈ ಇಲ್ಲ' ಅನ್ನೋದನ್ನು ಒತ್ತಿದರೆ ಕಂಪ್ಯೂಟರಿಗೆ ಜೋಡಿಸಿ ಅನ್ನುತ್ತದೆ. ಜೋಡಿಸಿದೆ. ಆಗಲೇ ಹೇಳಿದ ಚುಕ್ಕೆ ಫೋಲ್ಡರಿನೊಳಗೆ 'ಕೋಬೊ' ಅಂತ ಇನ್ನೊಂದು ಫೋಲ್ಡರ್, ಅದರಲ್ಲಿ 'ಕೋಬೊ ಈರೀಡರ್' ಅನ್ನೋ ಕಾನ್ಫ್ ಕಡತ, ಅಂದ್ರೆ ಸೆಟ್ಟಿಂಗ್ಸ್ ಬರೆದಿಡುವ ಫೈಲು. ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. ಅಲ್ಲಿ 'ಅಪ್ಲಿಕೇಶನ್ ಪ್ರಿಫರೆನ್ಸಸ್' ಅನ್ನೋ ತಲೆಬರಹದ ಕೆಳಗೆ ಒಂದು ಸಾಲು ಸೇರಿಸಬೇಕು: ಸೈಡ್‌ಲೋಡೆಡ್‌ಮೋಡ್ ಈಕ್ವಲ್ಸ್ ಟ್ರೂ. ಕಡತದಲ್ಲಿ ಇದು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಬೇಕು: SideloadedMode=true. ತಲೆಬರಹ ಇಲ್ಲದಿದ್ದರೆ ಅದನ್ನೂ ಹೀಗೇ ಚೌಕ ಕಂಸದಲ್ಲಿ ಬರೆಯಬೇಕು: [ApplicationPreferences]. ಸೇವ್ ಮಾಡಿ, ಇಜೆಕ್ಟ್ ಮಾಡಿ, ಯಂತ್ರವನ್ನು ಮತ್ತೆ ಶುರು ಮಾಡಿದೆ. ಈಮೇಲ್ ಕೇಳಲಿಲ್ಲ. ಅಂಗಡಿ ಕಾಣಲಿಲ್ಲ. ಸುಮ್ನೆ ಖಾಲಿ ಕಪಾಟು.

"ಇಷ್ಟೇಯಾ?" ಅಂದರು ಮಾವ. ಏನೋ ಕಳ್ಳಬಾಗಿಲು ಒಡೀತೇನೆ ಅಂದುಕೊಂಡಿದ್ದರು ಅಂತ ಕಾಣುತ್ತೆ.

ಅದು ಕಳ್ಳಬಾಗಿಲಲ್ಲ. ಕೋಬೊದವರೇ ತಮ್ಮ ಸಾಫ್ಟ್‌ವೇರಿನಲ್ಲಿ ಇಟ್ಟ ಸ್ವಿಚ್ಚು, ಮೆನುವಿನಲ್ಲಿ ಮಾತ್ರ ತೋರಿಸಿಲ್ಲ. ಇನ್ನೂ ಮುಂದಕ್ಕೆ ಹೋಗುವವರಿದ್ದಾರೆ. ಅದೇ ಡೇಟಾಬೇಸಿನಲ್ಲಿ ಬಳಕೆಯ ಘಟನೆಗಳನ್ನು ಗುಡ್ಡೆ ಹಾಕುವ ಒಂದು ಟೇಬಲ್ ಇದೆ. ಅದಕ್ಕೆ ಒಂದು ಟ್ರಿಗರ್ ಕಟ್ಟುತ್ತಾರೆ: ಹೊಸ ಸಾಲು ಬಂದ ಕೂಡಲೇ ಅಳಿಸು. ಯಂತ್ರ ಬರೆಯುತ್ತಲೇ ಇರುತ್ತದೆ, ಟೇಬಲ್ ಖಾಲಿಯೇ ಇರುತ್ತದೆ. ನೀರಿನಲ್ಲಿ ಅಕ್ಷರ ಬರೆದ ಹಾಗೆ. ಚೆನ್ನಾಗಿದೆ ಉಪಾಯ, ಆದರೆ ಡೇಟಾಬೇಸ್ ಕೆಡಿಸಿಕೊಂಡರೆ ಕಪಾಟು ಮತ್ತೆ ಜೋಡಿಸಬೇಕು, ಅದಕ್ಕೇ ಮೊದಲು ಕಡತದ ಒಂದು ನಕಲು ತೆಗೆದಿಟ್ಟುಕೊಳ್ಳಿ. ವೈಫೈಯನ್ನೇ ಹಾಕದ ಮಾವನಿಗೆ ಇದು ಬೇಡ, ಬಿಟ್ಟೆ.

ಕಷ್ಟ ಇಲ್ಲವೇ ಅಂದ್ರೆ ಇದೆ. ಕಂಪನಿಯ ಅಂಗಡಿಯಿಂದ ಪುಸ್ತಕ ಬರುವುದಿಲ್ಲ. ವೈಫೈ ಇಲ್ಲದ್ದರಿಂದ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಗಡಿಯಾರವನ್ನೂ ನಾವೇ ಸರಿ ಮಾಡಬೇಕು. ಇನ್ನು ಕಾನೂನು. ನೋಂದಣಿ ಬಿಡುವುದು ಬೇರೆ, ನಕಲು ಮಾಡದ ಹಾಗೆ ಈಬುಕ್ಕಿಗೆ ಹಾಕಿರುವ ಬೀಗ ಒಡೆಯುವುದು ಬೇರೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಅನ್ನುತ್ತದೆ. ನಾನು ಮುಟ್ಟಿದ್ದು ಮಾವನ ಯಂತ್ರದ ಒಂದು ಸೆಟ್ಟಿಂಗ್ ಮಾತ್ರ. ಪುಸ್ತಕವನ್ನಲ್ಲ.

ಪುಸ್ತಕಗಳೋ, ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ, ಈಪಬ್ ಅನ್ನೋ ಈಬುಕ್ ಫೈಲ್ ಆಗಿ ಇಳಿಸಿಕೊಳ್ಳಬಹುದು. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಪುಸ್ತಕ ಎಲ್ಲರದೂ. ವಚನ, ದಾಸರ ಪದ, ಹಳೆಯ ಕಾವ್ಯ ತುಂಬಿಸಿದೆ. ಮಾವನ ಗೆಳೆಯರೊಬ್ಬರು ಕೊಟ್ಟ ಫೈಲ್ ಮಾತ್ರ ಬರೀ ಕಸ ತೋರಿಸಿತು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ನಮಗೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಲ್ಯಾಟಿನ್ ಅಕ್ಷರಗಳ ಸಂತೆ. ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ಯೂನಿಕೋಡಿಗೆ ಬದಲಿಸಿ ಹಾಕಿದೆ.

ಒತ್ತಕ್ಷರ ಸರಿ ಕೂರಲಿ ಅಂತ ಪುಸ್ತಕ ಓದುವ ಕೋರೀಡರ್ ಅನ್ನೋ ಮುಕ್ತ ಸಾಫ್ಟ್‌ವೇರನ್ನೂ ಸೇರಿಸಿದೆ, ಜೊತೆಗೆ ಗುಬ್ಬಿ ಫಾಂಟು. ಇಂಥದ್ದನ್ನು ಕೋಬೊ ಒಳಗೆ ಬಿಟ್ಟುಕೊಳ್ಳುವ ರೀತಿ ನೋಡಿದರೆ ಸ್ವಲ್ಪ ಭಯವೂ ಆಗುತ್ತದೆ. ಚುಕ್ಕೆ ಫೋಲ್ಡರಿನಲ್ಲಿ 'ಕೋಬೊರೂಟ್' ಹೆಸರಿನ, ಹಲವು ಕಡತ ಕಟ್ಟಿದ ಒಂದು ಗಂಟು ಇಟ್ಟರೆ ಸಾಕು, ಯಂತ್ರ ಮುಂದಿನ ಸಲ ಶುರುವಾಗುವಾಗ ಅದನ್ನು ಬಿಚ್ಚಿ ವ್ಯವಸ್ಥೆಯ ಒಳಗೇ ಹರಡಿಕೊಳ್ಳುತ್ತದೆ, ಯಾರು ಇಟ್ಟದ್ದು ಅಂತ ಕೇಳುವುದಿಲ್ಲ. ಹಾಗಾಗಿ ಎಲ್ಲೆಲ್ಲಿಂದಲೋ ಇಳಿಸಿದ್ದನ್ನು ಅಲ್ಲಿ ಇಡಬೇಡಿ.

ಎರಡು ವಾರ ಬಿಟ್ಟು ಮತ್ತೆ ಹೋಗಿದ್ದೆ. ಎಷ್ಟು ಓದಿದೆ ಅಂತ ಇದು ಹೇಳುವುದಿಲ್ಲವಾ ಅಂತ ಮಾವ ಕೇಳಿದರು. ಲೈಬ್ರರಿಯವರಲ್ವಾ, ಲೆಕ್ಕ ಬೇಕು. ಕೋರೀಡರಿನಲ್ಲಿ ಅದೂ ಇದೆ, ಯಂತ್ರದೊಳಗೇ ಉಳಿಯುವ ಲೆಕ್ಕ. ಕ್ಯಾಲೆಂಡರ್ ತೆರೆದು ತೋರಿಸಿದೆ. ದಿನಕ್ಕೊಂದು ಪಟ್ಟಿ, ಗಂಟೆಗೊಂದು ಗೆರೆ. ಹೆಚ್ಚಿನ ದಿನ ರಾತ್ರಿ ಒಂದರಿಂದ ಮೂರರ ತನಕ ಕಪ್ಪು.

ಮಾವ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇದನ್ನು ನಿನ್ನ ಅತ್ತೆಗೆ ತೋರಿಸ್ಬೇಡ ಮಾರಾಯ. ಇದಕ್ಕೂ ಒಂದು ಸಾಲು ಉಂಟಾ, ಅಳಿಸ್ಲಿಕ್ಕೆ?"