ಗಾಲ್ಫ್‌ಗೂ ಒಂದು ವಿಶ್ವಕಪ್ ಇತ್ತು

2018ರ ನವೆಂಬರ್ ಕೊನೆಯ ವಾರ ಗಾಲ್ಫ್ ಪ್ರೇಮಿಗಳ ಕಣ್ಣೆಲ್ಲ ಲಾಸ್ ವೇಗಸ್ ಮೇಲೆ. ಟೈಗರ್ ವುಡ್ಸ್ ಮತ್ತು ಫಿಲ್ ಮಿಕೆಲ್ಸನ್ ಇಬ್ಬರೇ ಆಡುವ ಪಂದ್ಯ, ಗೆದ್ದವರಿಗೆ 90 ಲಕ್ಷ ಡಾಲರ್. ಅದೇ ದಿನಗಳಲ್ಲಿ ಮೆಲ್ಬರ್ನ್‌ನ ಮೆಟ್ರೊಪಾಲಿಟನ್ ಗಾಲ್ಫ್ ಕ್ಲಬ್‌ನಲ್ಲಿ 28 ದೇಶಗಳ ಜೋಡಿಗಳು ವಿಶ್ವಕಪ್‌ಗಾಗಿ ಸೆಣಸುತ್ತಿದ್ದವು. ಬೆಲ್ಜಿಯಂನ ಥಾಮಸ್ ಪೀಟರ್ಸ್ ಮತ್ತು ಥಾಮಸ್ ಡೆಟ್ರಿ ಕಪ್ ಗೆದ್ದರು. ಅವರ ದೇಶಕ್ಕೆ ಅದು ಮೊದಲ ವಿಶ್ವಕಪ್. ಅದಾದ ಮೇಲೆ ಆ ಟೂರ್ನಿ ಮತ್ತೆ ನಡೆದೇ ಇಲ್ಲ.

ಕ್ರಿಕೆಟ್, ಫುಟ್‌ಬಾಲ್, ಹಾಕಿಗಳ ವಿಶ್ವಕಪ್ ಗೊತ್ತಿದ್ದವರಲ್ಲೂ ಬಹಳ ಜನಕ್ಕೆ ಗಾಲ್ಫ್‌ಗೆ ಒಂದು ವಿಶ್ವಕಪ್ ಇತ್ತೆಂಬುದೇ ಗೊತ್ತಿಲ್ಲ. 65 ವರ್ಷ ಎದ್ದು ಬಿದ್ದು ನಡೆದ ಟೂರ್ನಿ ಅದು. ಅದು ನಿಂತದ್ದರಿಂದ ಅಮೆರಿಕಕ್ಕೆ ದೊಡ್ಡ ನಷ್ಟವೇನೂ ಆಗಿಲ್ಲ. ನಷ್ಟವಾದದ್ದು ಒಬ್ಬಿಬ್ಬರು ಒಳ್ಳೆಯ ಆಟಗಾರರಷ್ಟೇ ಇರುವ ದೇಶಗಳಿಗೆ. ನಮ್ಮದೂ ಅದರಲ್ಲಿ ಒಂದು.

ಇದರ ಹುಟ್ಟಿಗೆ ಕಾರಣ ಜಾನ್ ಜೇ ಹಾಪ್ಕಿನ್ಸ್ ಎಂಬ ಅಮೆರಿಕನ್ ಉದ್ಯಮಿ. ಅವರು ಮುನ್ನಡೆಸುತ್ತಿದ್ದ ಜನರಲ್ ಡೈನಮಿಕ್ಸ್ ಕಂಪನಿ ಜಲಾಂತರ್ಗಾಮಿ, ವಿಮಾನಗಳನ್ನು ಕಟ್ಟುತ್ತಿತ್ತು. ಮೊದಲ ಅಣುಶಕ್ತಿ ಜಲಾಂತರ್ಗಾಮಿ ನಾಟಿಲಸ್ ಕಟ್ಟಿದ್ದೂ ಅವರ ಕಂಪನಿಯೇ. ಶೀತಲ ಸಮರದ ಆ ಕಾಲದಲ್ಲಿ, ಗಾಲ್ಫ್ ಮೂಲಕ ದೇಶದೇಶಗಳ ನಡುವೆ ಸ್ನೇಹ ಬೆಳೆಯಬೇಕು ಎಂದು ಅವರು ಮನಸಾರೆ ನಂಬಿದ್ದರು. 1953ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಬೀಕನ್ಸ್‌ಫೀಲ್ಡ್ ಕ್ಲಬ್‌ನಲ್ಲಿ ಏಳು ದೇಶಗಳ ಜೋಡಿಗಳನ್ನು ಸೇರಿಸಿ ಟೂರ್ನಿ ಆರಂಭಿಸಿದರು. ಹೆಸರು ಕೆನಡಾ ಕಪ್. ಗೆದ್ದದ್ದು ಅರ್ಜೆಂಟೀನಾದ ಆಂಟೋನಿಯೊ ಸೆರ್ಡಾ ಮತ್ತು ರಾಬರ್ಟೊ ಡಿ ವಿಚೆಂಜೊ. ಮರುವರ್ಷ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್, ಕೆಲ್ ನೇಗಲ್. ಮೊದಲ ಎರಡು ವರ್ಷ ಕಪ್ ಅಮೆರಿಕಕ್ಕೂ ಸಿಗಲಿಲ್ಲ, ಬ್ರಿಟನ್ನಿಗೂ ಸಿಗಲಿಲ್ಲ. ಹಾಪ್ಕಿನ್ಸ್ ಬಯಸಿದ್ದೂ ಇಂಥದ್ದನ್ನೇ.

ಲೆಕ್ಕ ಸರಳವಾಗಿತ್ತು. ಇಬ್ಬರೂ ತಮ್ಮ ತಮ್ಮ ಚೆಂಡನ್ನು ಆಡಬೇಕು, ಇಬ್ಬರ ಒಟ್ಟು ಹೊಡೆತಗಳನ್ನು ಕೂಡಿಸಬೇಕು, ಕಡಿಮೆ ಬಂದ ದೇಶಕ್ಕೆ ಕಪ್. ಒಬ್ಬ ದೊಡ್ಡ ಆಟಗಾರನಿದ್ದರೆ ಸಾಲದು, ಜೊತೆಗಾರನೂ ಕೈ ಕೊಡದೆ ಆಡಬೇಕು.

ಈ ಕಪ್‌ನ ಇತಿಹಾಸದಲ್ಲಿ ಒಂದೇ ಒಂದು ವರ್ಷವನ್ನು ಆರಿಸಿ ಹೇಳು ಎಂದರೆ ನಾನು 1957 ಎನ್ನುತ್ತೇನೆ. ಆ ವರ್ಷ ಟೂರ್ನಿ ಟೋಕಿಯೊ ಹೊರವಲಯದ ಕಸುಮಿಗಸೆಕಿ ಕ್ಲಬ್‌ಗೆ ಬಂತು. ಮಹಾಯುದ್ಧದಲ್ಲಿ ಸೋತು ಹನ್ನೆರಡು ವರ್ಷವಷ್ಟೇ ಆಗಿತ್ತು. ಜಪಾನಿನಲ್ಲಿ ಗಾಲ್ಫ್ ಇನ್ನೂ ಕೆಲವೇ ಉಳ್ಳವರ ಆಟ. ಅಮೆರಿಕದಿಂದ ಬಂದವರು ಸ್ಯಾಮ್ ಸ್ನೀಡ್ ಮತ್ತು ಜಿಮ್ಮಿ ಡೆಮರೆಟ್. ಅದರಲ್ಲೂ ಸ್ನೀಡ್, ಹಿಂದಿನ ವರ್ಷ ಬೆನ್ ಹೋಗನ್ ಜೊತೆಗೂಡಿ ಇದೇ ಕಪ್ ಗೆದ್ದವರು. ಅವರೆದುರು ಹೊರಗಿನವರು ಅಷ್ಟಾಗಿ ಹೆಸರು ಕೇಳಿರದ ತೊರಾಕಿಚಿ ನಕಾಮುರಾ ಮತ್ತು ಕೊಯಿಚಿ ಒನೊ. ಆತಿಥೇಯ ಜೋಡಿ ಅಮೆರಿಕವನ್ನು ಒಂಬತ್ತು ಹೊಡೆತಗಳಿಂದ ಹಿಂದಿಕ್ಕಿತು. ವೈಯಕ್ತಿಕ ಪ್ರಶಸ್ತಿಯೂ ನಕಾಮುರಾ ಅವರಿಗೇ. ಆಗಷ್ಟೇ ಮನೆಮನೆಗೆ ಕಾಲಿಡುತ್ತಿದ್ದ ಟೆಲಿವಿಷನ್‌ನಲ್ಲಿ ಜನ ಅದನ್ನು ನೋಡಿದರು. ಜಪಾನಿನಲ್ಲಿ ಗಾಲ್ಫ್ ಹುಚ್ಚು ಹತ್ತಿಕೊಂಡದ್ದು ಅಲ್ಲಿಂದಲೇ ಎಂದು ಆ ಆಟದ ಚರಿತ್ರೆ ಬರೆದವರೆಲ್ಲ ಗುರುತಿಸುತ್ತಾರೆ. ಹಾಪ್ಕಿನ್ಸ್ ಮಾತ್ರ ಅದನ್ನು ನೋಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡಿದ್ದರು.

ಕಸುಮಿಗಸೆಕಿ ಎಂದರೆ ನಮಗೂ ಒಂದು ನೆನಪಿದೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ನಡೆದದ್ದು ಇದೇ ಕ್ಲಬ್‌ನಲ್ಲಿ. ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ದಿನ ಒಂದೇ ಒಂದು ಹೊಡೆತದಿಂದ ಪದಕ ಕಳೆದುಕೊಂಡು ನಾಲ್ಕನೆಯವರಾದರು. ಬೆಳಗಿನ ಜಾವ ಎದ್ದು ಟಿ.ವಿ. ಮುಂದೆ ಕೂತವರಲ್ಲಿ ಬರ್ಡಿ (ನಿಗದಿತ ಲೆಕ್ಕಕ್ಕಿಂತ ಒಂದು ಹೊಡೆತ ಕಡಿಮೆ), ಬೋಗಿ (ಒಂದು ಹೊಡೆತ ಹೆಚ್ಚು) ಎಂದರೇನೆಂದು ಅವತ್ತೇ ಕಲಿತವರು ಎಷ್ಟೋ ಜನ. ದೇಶದ ಹೆಸರು ಸೇರಿಕೊಂಡರೆ ಈ ಆಟಕ್ಕೆ ಎಂಥ ಬಲ ಬರುತ್ತದೆಂದು 1957ರಲ್ಲಿ ಜಪಾನಿಗೆ ಗೊತ್ತಾಗಿತ್ತು, 2021ರಲ್ಲಿ ನಮಗೆ ಗೊತ್ತಾಯಿತು.

ಅರವತ್ತರ ದಶಕ ಅಮೆರಿಕದ್ದು. ಆರ್ನಾಲ್ಡ್ ಪಾಮರ್ ಮತ್ತು ಜ್ಯಾಕ್ ನಿಕ್ಲಾಸ್ ಜೊತೆಯಾಗಿ 1963, 1964, 1966, 1967ರಲ್ಲಿ ಗೆದ್ದರು. 1967ರಲ್ಲೇ ಟೂರ್ನಿಗೆ ವಿಶ್ವಕಪ್ ಎಂದು ಹೆಸರಾಯಿತು. ಆಟದ ಆ ಹೊತ್ತಿನ ಇಬ್ಬರು ದೊರೆಗಳು ಪ್ಯಾರಿಸ್, ಟೋಕಿಯೊ, ಮೆಕ್ಸಿಕೊ ಎಂದು ಹೋಗಿ ದೇಶಕ್ಕಾಗಿ ಆಡುತ್ತಿದ್ದರು ಎಂಬುದನ್ನು ಇವತ್ತು ನಂಬುವುದೇ ಕಷ್ಟ. ನಡುನಡುವೆ ಕಪ್ ಬೇರೆ ಕೈಗಳಿಗೂ ಹೋಗುತ್ತಿತ್ತು. 1972ರಲ್ಲಿ ರಾಯಲ್ ಮೆಲ್ಬರ್ನ್‌ನಲ್ಲಿ ತೈವಾನ್ ಗೆದ್ದಿತು. 1976ರಲ್ಲಿ ಸ್ಪೇನ್ ಗೆದ್ದಾಗ ಆ ಜೋಡಿಯಲ್ಲಿದ್ದ, ಮುಂದೆ ದಿಗ್ಗಜನಾದ ಸೆವೆ ಬ್ಯಾಲೆಸ್ಟರೊಸ್‌ಗೆ ಇನ್ನೂ 19 ವರ್ಷ. 1987ರಲ್ಲಿ ಹವಾಯಿಯಲ್ಲಿ ಇಯಾನ್ ವೂಸ್ನಮ್ ಮತ್ತು ಡೇವಿಡ್ ಲೆವೆಲಿನ್ ಪುಟ್ಟ ವೇಲ್ಸ್‌ಗೆ ಕಪ್ ತಂದುಕೊಟ್ಟರು.

ಅಷ್ಟು ಹೊತ್ತಿಗೆ ಬಿರುಕು ಕಾಣಿಸಿತ್ತು. 1981 ಮತ್ತು 1986ರಲ್ಲಿ ಟೂರ್ನಿ ನಡೆಯಲೇ ಇಲ್ಲ. ಅಮೆರಿಕ, ಯುರೋಪಿನ ಟೂರ್‌ಗಳಲ್ಲಿ ಬಹುಮಾನದ ಹಣ ಏರುತ್ತಾ ಹೋದಂತೆ, ವರ್ಷವಿಡೀ ಆಡಿ ದಣಿದವರು ನವೆಂಬರ್‌ನಲ್ಲಿ ಸಾಗರ ದಾಟಿ ಬರಲು ಮನಸ್ಸು ಮಾಡುತ್ತಿರಲಿಲ್ಲ. ಅಮೆರಿಕದ ಫ್ರೆಡ್ ಕಪಲ್ಸ್ ಮತ್ತು ಡೇವಿಸ್ ಲವ್ ಜೋಡಿ 1992ರಿಂದ ಸತತ ನಾಲ್ಕು ವರ್ಷ ಗೆದ್ದದ್ದು ಇದಕ್ಕೆ ಒಂದು ಒಳ್ಳೆಯ ಅಪವಾದ.

2000ದಲ್ಲಿ ಟೂರ್ನಿಯನ್ನು ವರ್ಲ್ಡ್ ಗಾಲ್ಫ್ ಚಾಂಪಿಯನ್‌ಷಿಪ್ಸ್ ಸರಣಿಗೆ ಸೇರಿಸಿ ಆಟದ ಕ್ರಮವನ್ನೇ ಬದಲಿಸಿದರು. ಎರಡು ದಿನ ಫೋರ್‌ಬಾಲ್, ಎರಡು ದಿನ ಫೋರ್‌ಸಮ್ಸ್. ಫೋರ್‌ಬಾಲ್‌ನಲ್ಲಿ ಇಬ್ಬರೂ ತಮ್ಮ ಚೆಂಡು ಆಡುತ್ತಾರೆ, ಪ್ರತಿ ಹೋಲ್‌ನಲ್ಲೂ ಇಬ್ಬರ ಪೈಕಿ ಉತ್ತಮ ಸ್ಕೋರ್ ಲೆಕ್ಕಕ್ಕೆ. ಫೋರ್‌ಸಮ್ಸ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಬ್ಬ ಟೀ (ಪ್ರತಿ ಹೋಲ್ ಶುರುವಾಗುವ ಜಾಗ) ಮೇಲಿಂದ ಹೊಡೆದರೆ ಮುಂದಿನ ಹೊಡೆತ ಇನ್ನೊಬ್ಬನದು. ಜೊತೆಗಾರ ಚೆಂಡನ್ನು ಬಂಕರ್‌ನ ಮರಳಿಗೆ ಹಾಕಿದನೆಂದರೆ ಅಲ್ಲಿ ಇಳಿದು ಹೊರಗೆ ತೆಗೆಯಬೇಕಾದವನು ನೀನು. ಮರಳಿನಿಂದ ಅದು ಹೋಲ್‌ನಿಂದ ಹತ್ತಡಿ ದೂರ ಬಂದು ನಿಂತರೆ, ಆ ಪುಟ್ಟ್‌ನ (ಚೆಂಡನ್ನು ಹೋಲ್‌ಗೆ ಉರುಳಿಸುವ ಹೊಡೆತದ) ಹೊಣೆ ಮತ್ತೆ ಅವನದು. ತಪ್ಪು ಒಬ್ಬನದು, ಪ್ರಾಯಶ್ಚಿತ್ತ ಇನ್ನೊಬ್ಬನದು. ಒಂಟಿಯಾಗಿ ಆಡಿ ಬೆಳೆದ ಆಟಗಾರನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಹಳೆಯ ಲೆಕ್ಕಕ್ಕಿಂತ ಇದೇ ನಿಜವಾದ ಜೋಡಿ ಆಟ ಎಂದು ನನಗನಿಸುತ್ತದೆ.

2006ರ ನಂತರ ಆ ಸರಣಿಯ ಆಸರೆ ತಪ್ಪಿತು. ಚೀನಾದ ಗಾಲ್ಫ್ ರೆಸಾರ್ಟ್ ಮಿಷನ್ ಹಿಲ್ಸ್ 2007ರಿಂದ ಟೂರ್ನಿಯನ್ನು ಕೈಗೆತ್ತಿಕೊಂಡಿತು. 2009ರಲ್ಲಿ ಇಟಲಿಯ ಎಡೊವಾರ್ಡೊ ಮತ್ತು ಫ್ರಾಂಚೆಸ್ಕೊ ಮೊಲಿನಾರಿ ಸೋದರರು ಅಲ್ಲಿ ಗೆದ್ದರು. ಆಮೇಲೆ ಟೂರ್ನಿ ಎರಡು ವರ್ಷಕ್ಕೊಮ್ಮೆ ಎಂದಾಯಿತು. ದೊಡ್ಡ ಎಡವಟ್ಟು 2013ರದ್ದು. ಗಾಲ್ಫ್ ರಿಯೊ ಒಲಿಂಪಿಕ್ಸ್‌ಗೆ ಮರಳಲಿದೆ ಎಂದು ವಿಶ್ವಕಪ್ಪನ್ನೂ ಅದೇ ಅಚ್ಚಿಗೆ ಸುರಿದು, ವೈಯಕ್ತಿಕ ಸ್ಪರ್ಧೆಯನ್ನೇ ಮುಖ್ಯ ಮಾಡಿದರು. ದೇಶದ ಲೆಕ್ಕ ಪಕ್ಕಕ್ಕೆ ಸರಿಯಿತು. ಈ ಟೂರ್ನಿಗೆ ಇದ್ದ ಒಂದೇ ಬಂಡವಾಳ ಜೋಡಿ ಆಟ, ಅದನ್ನೇ ಕೈಯಾರೆ ಬಿಟ್ಟುಕೊಟ್ಟರು.

2016ರಲ್ಲಿ ಮೆಲ್ಬರ್ನ್‌ನ ಕಿಂಗ್‌ಸ್ಟನ್ ಹೀತ್‌ನಲ್ಲಿ ಜೋಡಿ ಆಟ ಮರಳಿತು. ಡೆನ್ಮಾರ್ಕ್‌ನ ಸೋರೆನ್ ಕೆಲ್ಡ್‌ಸೆನ್ ಮತ್ತು ಥೋರ್‌ಬ್ಯಾನ್ ಒಲೆಸೆನ್ ಗೆದ್ದರು. ಭಾರತದಿಂದ ಅಲ್ಲಿ ಆಡಿದವರು ಎಸ್‌.ಎಸ್‌.ಪಿ. ಚೌರಾಸಿಯಾ ಮತ್ತು ಎಸ್. ಚಿಕ್ಕರಂಗಪ್ಪ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ನಮ್ಮ ಚಿಕ್ಕರಂಗಪ್ಪ ಬಿಡದಿ ಬಳಿಯ ಈಗಲ್‌ಟನ್‌ನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಆಟದೊಳಗೆ ಬಂದವರು. ಗಾಲ್ಫ್ ಎಂದರೆ ಸಾಹುಕಾರರ ಆಟ ಎನ್ನುವವರಿಗೆ ಆ ಜೋಡಿಗಿಂತ ಒಳ್ಳೆಯ ಉತ್ತರ ಬೇಕಿಲ್ಲ. ಎದೆಯ ಮೇಲೆ ಭಾರತ ಎಂದು ಬರೆದುಕೊಂಡು ಜಗತ್ತಿನ ದೊಡ್ಡ ಜೋಡಿಗಳ ಎದುರು ಆಡುವ ಅವಕಾಶವನ್ನು ಇಂಥವರಿಗೆ ವಿಶ್ವಕಪ್ ಬಿಟ್ಟರೆ ಇನ್ಯಾವ ಟೂರ್ನಿ ಕೊಡುತ್ತಿತ್ತು?

ತಂಡಗಳ ಟೂರ್ನಿಗಳು ಬೇರೆಯೂ ಇವೆ. ಆದರೆ ರೈಡರ್ ಕಪ್ ಅಮೆರಿಕ ಮತ್ತು ಯುರೋಪಿಗೆ ಮೀಸಲು. ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಅಮೆರಿಕದ ಎದುರು, ಯುರೋಪ್ ಬಿಟ್ಟು ಉಳಿದ ಜಗತ್ತನ್ನೆಲ್ಲ ಒಂದೇ ತಂಡವಾಗಿ ನಿಲ್ಲಿಸುತ್ತಾರೆ. ಭಾರತದ ಅನಿರ್ಬನ್ ಲಾಹಿರಿ 2015 ಮತ್ತು 2017ರಲ್ಲಿ ಆಡಿದ್ದು ಆ ತಂಡದಲ್ಲಿ. ಸೌದಿ ಹಣದಿಂದ 2022ರಲ್ಲಿ ಶುರುವಾದ ಲಿವ್ ಗಾಲ್ಫ್ ಲೀಗ್‌ನ ತಂಡಗಳಿಗೆ ಹಣಕ್ಕೆ ಬರವಿರಲಿಲ್ಲ, ಆದರೆ ಅಲ್ಲಿ ಮುಖ್ಯ ದೇಶವಲ್ಲ, ತಂಡದ ಬ್ರ್ಯಾಂಡ್. ತಂಡದ ಆಟ ಬೇಕೆಂದು ಗಾಲ್ಫ್ ಜಗತ್ತಿಗೂ ಅನಿಸಿದೆ ಎಂದಾಯಿತು. ಹಾಗಿದ್ದೂ ದೇಶಗಳ ಕಪ್ಪನ್ನು ಮೂಲೆಗಿಟ್ಟಿದ್ದು ನನಗಂತೂ ಸರಿ ಕಾಣುವುದಿಲ್ಲ.

ಈಗ ಬಾಗಿಲು ತೆರೆದಿರುವುದು ಒಲಿಂಪಿಕ್ಸ್. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಮಿಶ್ರ ತಂಡ ಸ್ಪರ್ಧೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಒಂದು ದೇಶದಿಂದ ಒಬ್ಬ ಪುರುಷ, ಒಬ್ಬ ಮಹಿಳೆ. ಆಟ ರಿವಿಯೆರಾ ಕಂಟ್ರಿ ಕ್ಲಬ್‌ನಲ್ಲಿ. ಭಾರತ ಆ ಅಂಕಣಕ್ಕೆ ಇಳಿಯಬೇಕಾದರೆ ಅದಿತಿಯಂಥ ಆಟಗಾರ್ತಿಯ ಪಕ್ಕದಲ್ಲಿ ನಿಲ್ಲಬಲ್ಲ ಒಬ್ಬ ಪುರುಷ ಆಟಗಾರ ಬೇಕು, ಫೋರ್‌ಸಮ್ಸ್ ಆಡಿ ಪಳಗಿದ ಜೋಡಿಯೂ ಬೇಕು. ಅದಕ್ಕೆ ನಮ್ಮ ದೇಶದೊಳಗಿನ ಟೂರ್ನಿಗಳಲ್ಲೇ ಜೋಡಿ ಆಟವನ್ನು ಈಗಿನಿಂದ ಆಡಿಸಬೇಕು.